ಶಕ್ತಿಗೆ ತಕ್ಕ ತಪಸ್ಸು: ವೃದ್ಧಾಪ್ಯದಲ್ಲಿ ಆಹಾರ, ದೇಹಬಲ ಮತ್ತು ವ್ರತ

ಶರೀರವು ಆತ್ಮನಿಂದ ಭಿನ್ನವೆಂಬುದು ಜೈನ ತತ್ತ್ವವಿಚಾರದ ಮೊದಲ ಪಾಠ. ವ್ರತಗಳ ಪಾಲನೆ ನಡೆಯಬೇಕಾದುದು ಈ ಶರೀರದಿಂದಲೇ ಎಂಬುದು ಆಚಾರಶಾಸ್ತ್ರದ ಮೊದಲ ಪಾಠ. ಬಸದಿಗೆ ನಡೆದುಹೋಗುವುದು, ನೆಲವನ್ನು ನೋಡಿ ಹೆಜ್ಜೆಯಿಡುವುದು, ನಿಂತು ಕಾಯೋತ್ಸರ್ಗ ಮಾಡುವುದು, ಸಾಮಾಯಿಕಕ್ಕೆ ಚಾಪೆಯ ಮೇಲೆ ಕುಳಿತು ಮತ್ತೆ ಏಳುವುದು, ನೀರನ್ನು ಸೋಸುವುದು, ಕಾಳುಬೇಳೆಗಳನ್ನು ಶೋಧಿಸುವುದು, ಇವೆಲ್ಲಕ್ಕೂ ಕೈಕಾಲುಗಳಲ್ಲಿ ಕಸುವು ಬೇಕು. ಯೌವನದಲ್ಲಿ ಈ ಎರಡು ಪಾಠಗಳ ನಡುವೆ ಯಾರಿಗೂ ವಿರೋಧ ತೋರುವುದಿಲ್ಲ. ಅರುವತ್ತೈದು ಎಪ್ಪತ್ತು ದಾಟಿದ ಮೇಲೆ, ವರ್ಷಗಳಿಂದ ಏಕಾಶನವನ್ನೂ ಅಷ್ಟಮಿ ಚತುರ್ದಶಿಗಳ ಉಪವಾಸವನ್ನೂ ನಡೆಸಿಕೊಂಡು ಬಂದ ಹಿರಿಯರ ತೊಡೆಗಳು ಸೊರಗಿ, ಏಳಲು ಗೋಡೆಯ ಆಸರೆ ಬೇಕಾದಾಗ, ಮನೆಯೊಳಗೆ ಪ್ರಶ್ನೆ ಏಳುತ್ತದೆ. ಮಕ್ಕಳು ‘ವ್ರತ ಸಾಕು, ಚೆನ್ನಾಗಿ ಊಟ ಮಾಡಿ’ ಎನ್ನುತ್ತಾರೆ. ಹಿರಿಯರು ‘ಈ ವಯಸ್ಸಿನಲ್ಲಿ ದೇಹದ ಮೋಹವೇಕೆ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಆದುದರಿಂದಲೇ ಈ ವಾದ ಅಡಿಗೆಮನೆಯಲ್ಲಿ ಮುಗಿಯುವುದಿಲ್ಲ. ವೃದ್ಧ ಶ್ರಾವಕನು ತನ್ನ ದೇಹಬಲವನ್ನು ಕಾಪಾಡಿಕೊಳ್ಳುವುದು ಮೋಹವೋ ಧರ್ಮಸಾಧನೆಯೋ ಎಂಬುದನ್ನು ಆಗಮದ ಬೆಳಕಿನಲ್ಲಿಯೂ ಇಂದಿನ ಶರೀರವಿಜ್ಞಾನದ ಬೆಳಕಿನಲ್ಲಿಯೂ ಪರಿಶೀಲಿಸುವುದು ಅಗತ್ಯ.

ಮುನಿಯು ಏತಕ್ಕಾಗಿ ಆಹಾರವನ್ನು ಸ್ವೀಕರಿಸಬೇಕೆಂಬುದನ್ನು ಮೂಲಾಚಾರವು ಸ್ಪಷ್ಟವಾಗಿ ಎಣಿಸಿದೆ. ಹಸಿವಿನ ವೇದನೆಯ ಶಮನ, ವೈಯಾವೃತ್ತ್ಯ, ಆವಶ್ಯಕ ಕ್ರಿಯೆಗಳ ಪಾಲನೆ, ಸಂಯಮ, ಪ್ರಾಣಧಾರಣೆ, ಧರ್ಮಚಿಂತನೆ, ಇವು ಆರು ಕಾರಣಗಳು. ಬಲಕ್ಕಾಗಿ, ಆಯುಸ್ಸಿಗಾಗಿ, ರುಚಿಗಾಗಿ, ಮೈ ಬೆಳೆಯಲೆಂದು, ಕಾಂತಿ ಬರಲೆಂದು ಉಣ್ಣಬಾರದೆಂದೂ ಅದೇ ಗ್ರಂಥ ನಿಷೇಧಿಸುತ್ತದೆ. ಮೇಲುನೋಟಕ್ಕೆ ಇದು ಹಿರಿಯರ ಪಕ್ಷವನ್ನೇ ಸಮರ್ಥಿಸಿದಂತೆ ತೋರುತ್ತದೆ. ಆದರೆ ಎರಡು ಮಾತುಗಳನ್ನೂ ಒಟ್ಟಿಗೆ ಓದಬೇಕು. ಬಲವನ್ನು ಗುರಿಯಾಗಿ ಇಟ್ಟುಕೊಳ್ಳುವುದನ್ನು ಆಚಾರ್ಯರು ನಿಷೇಧಿಸಿದ್ದಾರೆ. ಆವಶ್ಯಕ ಕ್ರಿಯೆ, ಸೇವೆ, ಸಂಯಮಗಳು ನಿಲ್ಲದಂತೆ ಸಾಕಾಗುವಷ್ಟು ಬಲವನ್ನು ಅವರು ಆಹಾರದ ಕಾರಣಗಳೊಳಗೆ ಸೇರಿಸಿದ್ದಾರೆ. ಗಾಡಿಯ ಅಚ್ಚಿಗೆ ಎಣ್ಣೆ ಹಾಕುವವನು ಅಚ್ಚನ್ನು ಪೂಜಿಸುವುದಿಲ್ಲ. ಎಣ್ಣೆ ಹಾಕದೆ ಗಾಡಿಯನ್ನು ದಾರಿಯಲ್ಲಿ ಮುರಿದುಕೊಂಡವನು ವೈರಾಗ್ಯವಂತನೂ ಅಲ್ಲ.

ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ಥಿತಿಭೋಜನವೂ ಏಕಭುಕ್ತವೂ ಸೇರಿವೆ. ದಿನಕ್ಕೆ ಒಮ್ಮೆ, ನಿಂತುಕೊಂಡು, ಕೈಗಳನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸಬೇಕು. ನಿಲ್ಲುವ ಶಕ್ತಿ ಇರುವ ತನಕವೇ ಆಹಾರ ಎಂಬುದು ಈ ನಿಯಮದ ಒಳಗಿರುವ ಆಶಯ. ಕಾಲಿನ ಬಲವನ್ನು ಆಚಾರಶಾಸ್ತ್ರ ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಿಲ್ಲಲಾರದ ಸ್ಥಿತಿ ಬಂದರೆ ಮುನಿಯ ಮುಂದೆ ಇಡೀ ಜೀವನದ ಅಂತಿಮ ಪ್ರಶ್ನೆಯೇ ಬಂದು ನಿಲ್ಲುತ್ತದೆ.

ಈಗ ವಿಜ್ಞಾನದ ಮಾತು. ವಯಸ್ಸಿನೊಡನೆ ಸ್ನಾಯುಗಳು ಕರಗುವ ಸ್ಥಿತಿಗೆ ೧೯೮೯ರಲ್ಲಿ ಅಮೆರಿಕದ ವೈದ್ಯ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಾಂಸದ ಕೊರತೆ ಎಂದು. ಎಪ್ಪತ್ತರ ಆಸುಪಾಸಿನಲ್ಲಿ ಸ್ನಾಯುವಿನ ರಾಶಿ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಪಾಲಿನಂತೆ ಇಳಿಯುತ್ತದೆ. ಬಲವಾದರೋ ಅದಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಇದು ಕಾಲಧರ್ಮ, ಯಾವ ಔಷಧವೂ ಇದನ್ನು ಪೂರ್ತಿಯಾಗಿ ತಡೆಯಲಾರದು. ಆದರೆ ಇಳಿತದ ವೇಗ ಎಲ್ಲರಲ್ಲಿಯೂ ಒಂದೇ ಅಲ್ಲ. ಅಮೆರಿಕದಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸರಾಸರಿ ೬೭ ವರ್ಷದ ಆರೋಗ್ಯವಂತರು ಹತ್ತು ದಿನ ಹಾಸಿಗೆಯಲ್ಲಿಯೇ ಉಳಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಂ ಕೊಬ್ಬಿಲ್ಲದ ಅಂಗಾಂಶ ಕರಗಿಹೋಯಿತು. ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯೊಬ್ಬರು ಮತ್ತೆ ಬಸದಿಯ ಮೆಟ್ಟಿಲು ಹತ್ತದೆ ಉಳಿದುಬಿಡುವುದೇಕೆಂಬುದು ಇದರಿಂದ ತಿಳಿಯುತ್ತದೆ. ಮೂಳೆ ಕೂಡುತ್ತದೆ, ಮಲಗಿದ್ದ ದಿನಗಳಲ್ಲಿ ಹೋದ ಸ್ನಾಯು ಸುಲಭವಾಗಿ ಮರಳುವುದಿಲ್ಲ.

ಸ್ನಾಯುವನ್ನು ಕಟ್ಟುವ ದ್ರವ್ಯ ಸಸಾರಜನಕ, ಎಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೨೦ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಬೇಕು. ವಯಸ್ಸಾದವರ ದೇಹವು ತಿಂದ ಸಸಾರಜನಕವನ್ನು ಸ್ನಾಯುವಾಗಿಸುವುದರಲ್ಲಿ ಮಂದವಾಗುತ್ತದೆ. ಆ ಕಾರಣದಿಂದ ೬೫ ದಾಟಿದವರಿಗೆ ಪ್ರತಿ ಕಿಲೋಗ್ರಾಮಿಗೆ ೧ರಿಂದ ೧.೨ ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ಒಂದು ಮಂಡಳಿ ೨೦೧೩ರಲ್ಲಿ ಸೂಚಿಸಿತು. ೫೦ ಕಿಲೋಗ್ರಾಂ ತೂಗುವ ಹಿರಿಯರಿಗೆ ಇದು ದಿನಕ್ಕೆ ೫೦ರಿಂದ ೬೦ ಗ್ರಾಂ ಆಗುತ್ತದೆ. ಮೂತ್ರಪಿಂಡದ ತೀವ್ರ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸದು. ಅವರು ಸಸಾರಜನಕವನ್ನು ಮಿತಗೊಳಿಸಬೇಕಾಗಬಹುದು, ವೈದ್ಯರ ಮಾತೇ ಅವರಿಗೆ ಪ್ರಮಾಣ.

ಇಲ್ಲಿ ಅನೇಕ ಮನೆಗಳಲ್ಲಿ ನಡೆಯುವ ಸಂಗತಿಯನ್ನು ನೇರವಾಗಿ ನೋಡಬೇಕು. ಏಕಾಶನದ ಹಿರಿಯರು ಕ್ರಮೇಣ ಊಟವನ್ನು ಸರಳಗೊಳಿಸುತ್ತ ಬರುತ್ತಾರೆ. ಹಲ್ಲು ಹೋದಂತೆ ರೊಟ್ಟಿ ಹೋಗುತ್ತದೆ, ಜೀರ್ಣವಾಗದೆಂದು ಬೇಳೆ ಹೋಗುತ್ತದೆ. ಕೊನೆಗೆ ಮೆತ್ತನೆಯ ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆ ಉಳಿಯುತ್ತವೆ. ೧೫೦ ಗ್ರಾಂ ಅಕ್ಕಿಯಲ್ಲಿ ಸಸಾರಜನಕ ೧೧-೧೨ ಗ್ರಾಂ, ಸಾರಿನಲ್ಲಿ ಕರಗಿದ ಬೇಳೆಯಿಂದ ಮೂರು ಗ್ರಾಂ, ಮಜ್ಜಿಗೆಯಿಂದ ಒಂದೆರಡು. ಒಟ್ಟು ೧೭ ಗ್ರಾಂ ಮೀರದು. ಬೇಕಾದುದರ ಮೂರನೆಯ ಒಂದು ಪಾಲು ಮಾತ್ರ! ಹೊಟ್ಟೆ ತುಂಬಿರುತ್ತದೆ, ಹಸಿವೆಯ ದೂರಿಲ್ಲ, ವ್ರತವೂ ನಡೆದಿದೆ. ಆದರೆ ದೇಹವು ತನಗೆ ಬೇಕಾದುದನ್ನು ತನ್ನದೇ ತೊಡೆಯಿಂದಲೂ ತೋಳಿನಿಂದಲೂ ತೆಗೆದುಕೊಳ್ಳುತ್ತಿರುತ್ತದೆ. ಇದು ತಪಸ್ಸಲ್ಲ, ಏನನ್ನು ಬಿಡುತ್ತಿದ್ದೇವೆಂಬ ಅರಿವಿಲ್ಲದ ನಷ್ಟ. ತ್ಯಾಗವು ತ್ಯಾಗವೆನಿಸಬೇಕಾದರೆ ತ್ಯಜಿಸುವವನಿಗೆ ತ್ಯಾಜ್ಯದ ಅರಿವಿರಬೇಕು.

ಈ ಮಾತು ಕೇಳಿದೊಡನೆ ಕೆಲವರು ಮೊಟ್ಟೆಯ ಹೆಸರೆತ್ತುತ್ತಾರೆ. ಅದರ ಅಗತ್ಯ ಇಲ್ಲವೇ ಇಲ್ಲ. ಮನೆಯ ಕಣಜದಲ್ಲಿಯೇ ಇರುವುದನ್ನು ಎಣಿಸಿ ನೋಡಿದರೆ ಸಾಕು. ತೊಗರಿ, ಹೆಸರು, ಕಡಲೆ, ಉದ್ದು, ಹುರುಳಿ, ಅಲಸಂದೆಗಳಲ್ಲಿ ನೂರು ಗ್ರಾಮಿಗೆ ಸುಮಾರು ೨೧ರಿಂದ ೨೪ ಗ್ರಾಂ ಸಸಾರಜನಕವಿದೆ. ಶೇಂಗಾದಲ್ಲಿ ಸುಮಾರು ೨೪ ಗ್ರಾಂ, ಸೋಯಾ ಅವರೆಯಲ್ಲಿ ೩೬ಕ್ಕೂ ಹೆಚ್ಚು, ಜೋಳದಲ್ಲಿ ಹತ್ತು, ಆಕಳ ಹಾಲಿನಲ್ಲಿ ನೂರು ಮಿಲಿಲೀಟರಿಗೆ ಮೂರಕ್ಕೆ ತುಸು ಮೇಲೆ. ಅಕ್ಕಿಯೂ ಜೋಳವೂ ಸೇರಿ ೨೦೦ ಗ್ರಾಂ ಧಾನ್ಯ, ೭೫ ಗ್ರಾಂ ಬೇಳೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಶೇಂಗಾ ಇದ್ದರೆ ಲೆಕ್ಕ ೫೫ ಗ್ರಾಮಿನ ಸುಮಾರಿಗೆ ಬಂದು ನಿಲ್ಲುತ್ತದೆ. ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನ-ತೊವ್ವೆ, ರೊಟ್ಟಿ-ಕಾಳುಪಲ್ಯ ಎಂಬ ಜೋಡಿಗಳು ರೂಢಿಯಲ್ಲಿ ನಿಂತಿರುವುದರಲ್ಲಿ ಈ ಹಿತ ತಾನಾಗಿಯೇ ಸೇರಿದೆ. ಹಲ್ಲಿಲ್ಲದವರಿಗೆ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿದ ಗಟ್ಟಿ ತೊವ್ವೆ, ಪುಟಾಣಿ ಹಿಟ್ಟಿನ ಗಂಜಿ, ಶೇಂಗಾ ಪುಡಿ ಬೆರೆಸಿದ ಮೆತ್ತನೆಯ ಅನ್ನ, ಇವುಗಳಿಗೆ ಹಲ್ಲು ಬೇಕಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಹಿಂದೆ ಪೋಷಣೆಯ ಕೊರತೆಯವರಿಗೆಂದು ರೂಪಿಸಿದ ವಿವಿಧೋದ್ದೇಶ ಆಹಾರದಲ್ಲಿ ಇದ್ದುದೂ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು.

ವ್ರತದ ಮನೆಯಲ್ಲಿ ಇದಕ್ಕೆ ಕೆಲವು ಕಟ್ಟಳೆಗಳು ಸೇರಿಕೊಳ್ಳುತ್ತವೆ. ಕಾಳುಬೇಳೆಯನ್ನು ಮೊಸರು ಮಜ್ಜಿಗೆಗಳೊಡನೆ ಬೆರೆಸಬಾರದೆಂಬ ದ್ವಿದಲ ನಿಯಮ ಒಂದು. ಇದರಿಂದ ಪೋಷಣೆಗೆ ಬಾಧೆಯಿಲ್ಲ. ಧಾನ್ಯ ಬೇಳೆಗಳ ಪೂರಕಗುಣಕ್ಕೆ ಮೊಸರು ಬೇಕಿಲ್ಲ, ಒಂದೇ ತುತ್ತಿನಲ್ಲಿ ಎಲ್ಲವೂ ಕೂಡಬೇಕೆಂಬುದೂ ಇಲ್ಲ. ಮೊಳಕೆಯ ಕಾಳನ್ನು ಅನೇಕ ವ್ರತಿಗಳು ಬಿಡುತ್ತಾರೆ. ಬೇಯಿಸಿದ ಬೇಳೆ ಅದರ ಸ್ಥಾನವನ್ನು ತುಂಬಬಲ್ಲದು. ಹೆಚ್ಚು ವಿಚಾರಿಸಬೇಕಾದುದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವ ಹಿರಿಯರು ಹಲವೊಮ್ಮೆ ಹಾಲು ಮೊಸರುಗಳನ್ನೇ ಆಜೀವನ ಬಿಟ್ಟುಬಿಡುತ್ತಾರೆ. ರಸತ್ಯಾಗದ ಉದ್ದೇಶ ನಾಲಗೆಯ ದಾಸ್ಯವನ್ನು ಕಳೆಯುವುದು. ನಾಲಗೆ ದಾಸನಾಗಿರುವುದು ಸಿಹಿಗೋ ಕರಿದುದಕ್ಕೋ ಆಗಿದ್ದರೆ, ಬಿಡಬೇಕಾದುದು ಅದನ್ನೇ. ರುಚಿಯಿಲ್ಲದ ಹಾಲನ್ನು ಬಿಟ್ಟು ರುಚಿಯ ಸಿಹಿಯನ್ನು ಉಳಿಸಿಕೊಂಡರೆ ತಪಸ್ಸೂ ನಷ್ಟ, ಬಲವೂ ನಷ್ಟ. ಹಾಲನ್ನು ಈಗಾಗಲೇ ಬಿಟ್ಟವರು ವ್ರತವನ್ನು ಮುರಿಯಬೇಕಿಲ್ಲ. ತಟ್ಟೆಯಲ್ಲಿ ಬೇಳೆಯ ಪಾಲನ್ನು ಹೆಚ್ಚಿಸಬೇಕು. ಹಾಲಿಲ್ಲದ ಆಹಾರದಲ್ಲಿ ಬಿ-೧೨ ಜೀವಸತ್ತ್ವ ದೊರೆಯುವುದು ಕಷ್ಟವಾದುದರಿಂದ ಅದನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದೂ ಉಚಿತ.

ಇನ್ನು ಇಂದಿನ ಪೇಟೆ ಮುಂದಿಡುವ ಹೊಸ ಸಸಾರಜನಕಗಳ ವಿಚಾರ. ಡಬ್ಬಿಯ ಪುಡಿಗಳಲ್ಲಿ ಬಹುಪಾಲು ಹಾಲಿನ ತಿಳಿಯಿಂದ ಅಥವಾ ಸೋಯಾ, ಬಟಾಣಿಗಳಿಂದ ತೆಗೆದವು. ಹಾಲಿನ ತಿಳಿ ಚೀಸ್ ತಯಾರಿಕೆಯ ಉಪೋತ್ಪನ್ನ. ಹೊರದೇಶಗಳ ಕೆಲವು ಚೀಸುಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುವ ಪದ್ಧತಿ ಇಂದಿಗೂ ಉಳಿದಿದೆ. ಡಬ್ಬಿಯ ಮೇಲಿನ ಹಸಿರು ಗುರುತು ಮಾಂಸ ಮೊಟ್ಟೆಗಳಿಲ್ಲವೆಂದು ಹೇಳುತ್ತದೆಯೇ ಹೊರತು ಜೈನಾಹಾರವೆಂದು ಹೇಳುವುದಿಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಜೇನುತುಪ್ಪ ಮಾಂಸಾಹಾರದಿಂದ ಹೊರಗಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣವಾಗಿ ಎಣಿಸುವ ಶ್ರಾವಕನಿಗೆ ಅದು ಒಳಗೇ ಇದೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಗೆ ತಿಂಗಳುಗಟ್ಟಲೆ ಇಡುವ ಪುಡಿ ಹೊಂದುವುದೂ ಇಲ್ಲ. ಆ ನಿಯಮವಿಲ್ಲದವರು ಬಳಸುವುದಾದರೆ ಒಳಗಿನ ದ್ರವ್ಯಗಳ ಪಟ್ಟಿಯನ್ನು ಓದಿಯೇ ಬಳಸಬೇಕು. ಬ್ರಿಟನ್ನಿನಲ್ಲಿ ೧೯೮೫ರಿಂದ ಮಾರಾಟದಲ್ಲಿರುವ ಶಿಲೀಂಧ್ರ ಸಸಾರಜನಕವೂ ನೀರಿನಲ್ಲಿ ಬೆಳೆಸುವ ಸ್ಪಿರುಲಿನದಂತಹ ಪಾಚಿಯೂ ಅನಂತಕಾಯದ ವಿಚಾರವನ್ನು ಎಬ್ಬಿಸುತ್ತವೆ. ಅಣಬೆಯನ್ನು ಬಿಟ್ಟ ಮನೆಯವರು ಅದರ ಬಂಧುವನ್ನು ಬೇರೆ ಹೆಸರಿನಲ್ಲಿ ಒಳಗೆ ಕರೆಯುವುದು ಸಲ್ಲದು. ಐರೋಪ್ಯ ಒಕ್ಕೂಟವು ೨೦೨೧ರಲ್ಲಿ ಅನುಮತಿಸಿದ ಹುಳುಗಳ ಆಹಾರದ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ.

ಸೂಕ್ಷ್ಮವಾದ ಪ್ರಶ್ನೆ ಪ್ರಯೋಗಶಾಲೆಯ ಮಾಂಸದ್ದು. ೨೦೧೩ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶಿತವಾಗಿ, ೨೦೨೦ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದ ಈ ಪದಾರ್ಥವನ್ನು ಪ್ರಾಣಿಯ ಜೀವಕೋಶಗಳಿಂದ ಬೆಳೆಸುತ್ತಾರೆ. ಕೊಲೆಯಿಲ್ಲದ ಮೇಲೆ ದೋಷವೆಲ್ಲಿ ಎಂದು ಕಲಿತ ಯುವಕರು ಕೇಳುವುದುಂಟು. ಪ್ರಶ್ನೆ ಹೊಸದೆಂದು ತೋರಿದರೂ ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ ಇದರ ಎದುರು ನಿಂತಿದ್ದಾರೆ. ತಾನಾಗಿ ಸತ್ತ ಎಮ್ಮೆ ಎತ್ತುಗಳ ಮಾಂಸದಲ್ಲಿ ಕೊಂದ ದೋಷವಿಲ್ಲವಲ್ಲ ಎಂಬ ವಾದವನ್ನು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು, ಮಾಂಸವನ್ನು ಆಶ್ರಯಿಸಿ ಹುಟ್ಟುವ ನಿಗೋದ ಜೀವಗಳ ಹಿಂಸೆ ಅಲ್ಲಿಯೂ ತಪ್ಪದೆಂದು ಅವರು ಉತ್ತರಿಸುತ್ತಾರೆ. ಹಸಿಯಾಗಲಿ ಬೆಂದುದಾಗಲಿ ಆ ದೋಷ ಉಳಿಯುತ್ತದೆಂಬುದು ಅವರ ನಿರ್ಣಯ. ಇದರ ಮೇಲೆ ಭಾವದ ಮಾತೂ ಇದೆ. ಕೊಲ್ಲದೆ ದೊರೆತರೆ ತಿನ್ನಬಹುದಿತ್ತು ಎಂದು ಕಾಯುತ್ತಿರುವ ಮನಸ್ಸು ಮಾಂಸವನ್ನು ಇನ್ನೂ ಬಿಟ್ಟಿಲ್ಲ. ಅಂತಹ ಪದಾರ್ಥದಿಂದ ಲೋಕದಲ್ಲಿ ಪಶುವಧೆ ಕಡಿಮೆಯಾಗುವುದಾದರೆ ಅದು ಒಳ್ಳೆಯದೇ. ಮಾಂಸಾಹಾರಿಗೆ ಅದು ಒಂದು ಮೆಟ್ಟಿಲಾಗಬಹುದು. ಆ ಮೆಟ್ಟಿಲನ್ನು ಮೊದಲೇ ದಾಟಿದವನು ಮತ್ತೆ ಕೆಳಗಿಳಿಯಬೇಕಾದ ಕಾರಣವಿಲ್ಲ.

ಆದರೆ ಸಸಾರಜನಕವೊಂದರಿಂದಲೇ ಬಲ ಬರುವುದೆಂಬುದೂ ಭ್ರಮೆ. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರು ಎಂಟು ವಾರ ಕಾಲುಗಳಿಂದ ಭಾರವೆತ್ತುವ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತು. ಅದೇ ಸಂಶೋಧಕರು ೧೯೯೪ರಲ್ಲಿ ನೂರು ವೃದ್ಧರ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ವ್ಯಾಯಾಮವಿಲ್ಲದೆ ಪೋಷಕಪಾನ ಮಾತ್ರ ಕುಡಿದವರಿಗೆ ಬಲ ಬರಲಿಲ್ಲ. ತಿಂದುದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ಜೈನ ದಿನಚರ್ಯೆಯಲ್ಲಿ ಆ ಕೆಲಸಕ್ಕೆ ಕೊರತೆಯಿಲ್ಲ. ನೆಲದಿಂದ ಎದ್ದು ಮಾಡುವ ನಮಸ್ಕಾರ, ನಿಂತ ಕಾಯೋತ್ಸರ್ಗ, ಪ್ರದಕ್ಷಿಣೆ, ಬಸದಿಯ ಮೆಟ್ಟಿಲು, ಇವೆಲ್ಲವೂ ಕಾಲಿಗೆ ಕೆಲಸ ಕೊಡುವ ಕ್ರಿಯೆಗಳು. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರುವ ಅಜ್ಜ ಅಜ್ಜಿಯರು ತಿಳಿಯದೆಯೇ ಅದನ್ನು ಮಾಡುತ್ತಾರೆ. ಮಂಡಿನೋವೆಂದು ಎಲ್ಲವನ್ನೂ ಕುರ್ಚಿಗೆ ವರ್ಗಾಯಿಸಿದಾಗ ಈ ಕೆಲಸ ನಿಂತುಹೋಗುತ್ತದೆ. ಕುರ್ಚಿಯೇ ಬೇಕಾದವರು ಕೈಯೂರದೆ ಅದರಿಂದ ಹತ್ತು ಸಲ ಏಳುವ ನಿಯಮವನ್ನಾದರೂ ಇಟ್ಟುಕೊಳ್ಳಬಹುದು. ಕೈಗಳನ್ನು ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದರೆ ಬಲ ಕುಂದಿದೆಯೆಂದು ಐರೋಪ್ಯ ತಜ್ಞಮಂಡಳಿ ೨೦೧೯ರಲ್ಲಿ ಪ್ರಕಟಿಸಿದ ಮಾನದಂಡ ಹೇಳುತ್ತದೆ. ಮನೆಯಲ್ಲಿಯೇ ನೋಡಿಕೊಳ್ಳಬಹುದಾದ ಪರೀಕ್ಷೆ ಇದು.

ಈಗ ಉಪವಾಸದ ಪ್ರಶ್ನೆ. ಬಾಹ್ಯ ತಪಸ್ಸುಗಳಲ್ಲಿ ಅನಶನಕ್ಕೆ ಮೊದಲ ಸ್ಥಾನ. ಆದರೆ ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ತಪಸ್ಸಿನ ಹಿಂದೆಯೇ ‘ಶಕ್ತಿಗೆ ಅನುಸಾರವಾಗಿ’ ಎಂಬ ವಿಶೇಷಣವನ್ನು ಇಟ್ಟಿದೆ. ಶಕ್ತಿಯನ್ನು ಮರೆಮಾಡದಿರುವುದು ಅದರ ಒಂದು ಅರ್ಥ. ಶಕ್ತಿಯನ್ನು ಮೀರದಿರುವುದು ಇನ್ನೊಂದು. ಪ್ರೋಷಧೋಪವಾಸದಲ್ಲಿ ಉತ್ತಮ, ಮಧ್ಯಮ, ಜಘನ್ಯವೆಂದು ಹದಿನಾರು, ಹನ್ನೆರಡು, ಎಂಟು ಪ್ರಹರಗಳ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿರುವುದು ದುರ್ಬಲರನ್ನು ಹೊರಗಿಡದಿರಲೆಂದೇ. ಉತ್ತಮದಿಂದ ಜಘನ್ಯಕ್ಕೆ ಇಳಿದವನು ವ್ರತದಿಂದ ಹೊರಗೆ ಬೀಳುವುದಿಲ್ಲ. ಉಪವಾಸದ ಹಿಂದಿನ ಧಾರಣೆಯ ದಿನವೂ ಮರುದಿನದ ಪಾರಣೆಯೂ ಏಕಭುಕ್ತವಾಗಿರಬೇಕೆಂಬ ವಿಧಿಯಿದೆ; ಆ ಎರಡು ಊಟಗಳು ಪೂರ್ಣವಾಗಿರಬಾರದೆಂಬ ವಿಧಿ ಎಲ್ಲಿಯೂ ಇಲ್ಲ. ನಿರಾಹಾರದಲ್ಲಿ ಯಕೃತ್ತಿನ ಸಂಗ್ರಹ ಮುಗಿದ ಮೇಲೆ ದೇಹವು ಮಿದುಳಿಗೆ ಬೇಕಾದ ಸಕ್ಕರೆಯ ಒಂದು ಪಾಲನ್ನು ಸ್ನಾಯುವಿನಿಂದ ತಯಾರಿಸಿಕೊಳ್ಳುತ್ತದೆ. ಆದುದರಿಂದ ಪಾರಣೆಯಲ್ಲಿ ಹೆಸರುಬೇಳೆಯ ತೊವ್ವೆಗೂ ಹಾಲಿಗೂ ಸ್ಥಾನವಿರಲಿ. ಒಂದೇ ಊಟದಲ್ಲಿ ಸಸಾರಜನಕವನ್ನು ತುಂಬಿಸಿದರೆ ವ್ಯರ್ಥವಾಗುವುದೆಂದು ಭಯಪಡಬೇಕಾಗಿಲ್ಲ. ಫ್ರಾನ್ಸಿನ ಸಂಶೋಧಕರು ೧೯೯೯ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ದಿನದ ಸಸಾರಜನಕದ ನೂರಕ್ಕೆ ಎಂಬತ್ತು ಪಾಲನ್ನು ಮಧ್ಯಾಹ್ನದ ಊಟದಲ್ಲಿಯೇ ಕೊಟ್ಟಾಗ ವೃದ್ಧ ಮಹಿಳೆಯರ ದೇಹ ಅದನ್ನು ಹಂಚಿ ಕೊಟ್ಟಾಗಿಗಿಂತ ಚೆನ್ನಾಗಿ ಉಳಿಸಿಕೊಂಡಿತು. ಏಕಾಶನದ ಬಾಧಕವಿರುವುದು ಒಂದೇ ಊಟವೆಂಬುದರಲ್ಲಿ ಅಲ್ಲ, ಆ ಊಟ ಬರಿದಾಗಿರುವುದರಲ್ಲಿ. ಒಂದು ಊಟದಲ್ಲಿ ಅಷ್ಟನ್ನು ಉಣ್ಣಲಾರದ ಹಿರಿಯರು ಗುರುಗಳ ಅಪ್ಪಣೆ ಪಡೆದು ಸೂರ್ಯಾಸ್ತಕ್ಕೆ ಮೊದಲು ಇನ್ನೊಂದು ಹೊತ್ತು ಸೇರಿಸಿಕೊಂಡರೆ ರಾತ್ರಿಭೋಜನತ್ಯಾಗಕ್ಕೆ ಭಂಗವಿಲ್ಲ. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಔಷಧ ಸೇವಿಸುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಈ ಇಳಿಕೆ ಹಿರಿಯರಿಗೆ ಸುಲಭವಲ್ಲವೆಂಬುದನ್ನು ಕಿರಿಯರು ಅರಿಯಬೇಕು. ನಲವತ್ತು ವರ್ಷ ನಡೆದುಬಂದ ನಿಯಮ ಅವರಿಗೆ ಬರಿಯ ಊಟದ ಪದ್ಧತಿಯಲ್ಲ. ಗಂಡನನ್ನು ಕಳೆದುಕೊಂಡಾಗ, ಮಕ್ಕಳು ದೂರ ಹೋದಾಗ ಅವರನ್ನು ಹಿಡಿದು ನಿಲ್ಲಿಸಿದ ಊರುಗೋಲು ಅದೇ ಆಗಿರುತ್ತದೆ. ಅದನ್ನು ಹಟವೆಂದು ಗೇಲಿ ಮಾಡುವುದು, ಅವರಿಗೆ ತಿಳಿಯದಂತೆ ಬಿಟ್ಟ ಪದಾರ್ಥವನ್ನು ಊಟದಲ್ಲಿ ಬೆರೆಸುವುದು, ಎರಡೂ ಹಿಂಸೆಯೇ. ಹಿರಿಯರೂ ಒಳಗೆ ನೋಡಿಕೊಳ್ಳಬೇಕಾದುದುಂಟು. ದಶಲಕ್ಷಣ ಪರ್ವದ ಹತ್ತು ಉಪವಾಸ ಈ ವರ್ಷವೂ ತಪ್ಪಬಾರದೆಂಬ ಹಂಬಲದಲ್ಲಿ ಇಚ್ಛೆಯ ನಿರೋಧವೆಷ್ಟು, ಎಣಿಕೆಯ ಅಭಿಮಾನವೆಷ್ಟು ಎಂಬುದನ್ನು ಅವರಲ್ಲದೆ ಬೇರೆಯವರು ಅಳೆಯಲಾರರು. ಅನ್ನವನ್ನು ಬಿಟ್ಟು ಮಾನಕಷಾಯವನ್ನು ಪೋಷಿಸಿದರೆ ತೂಕ ಇಳಿದರೂ ಭಾರ ಇಳಿಯದು.

ಸಮಂತಭದ್ರಾಚಾರ್ಯರ ಕಥೆ ಇಲ್ಲಿ ಸ್ಮರಣೀಯ. ಎಷ್ಟು ಉಂಡರೂ ತಣಿಯದ ಭಸ್ಮಕವ್ಯಾಧಿ ಅವರಿಗೆ ತಗುಲಿತು. ಮುನಿಧರ್ಮದ ಮಿತಾಹಾರದಲ್ಲಿ ಅದು ಗುಣವಾಗುವಂತಿರಲಿಲ್ಲ. ಸಲ್ಲೇಖನೆಗೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆಯೆಂದು ತಿಳಿದು, ಮುನಿವೇಷವನ್ನು ಕಳಚಿ ವ್ಯಾಧಿಯನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯುವಂತೆ ಆದೇಶಿಸಿದರೆಂದು ಪರಂಪರೆ ಹೇಳುತ್ತದೆ. ಸಲ್ಲೇಖನೆಯ ಲಕ್ಷಣವನ್ನು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದವರೂ ಅವರೇ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆ. ‘ಪ್ರತೀಕಾರವಿಲ್ಲದ’ ಎಂಬ ಮಾತಿಗೆ ಅಲ್ಲಿ ತೂಕವಿದೆ. ತೊವ್ವೆಯಿಂದಲೂ ನಡಿಗೆಯಿಂದಲೂ ಪ್ರತೀಕಾರ ಸಾಧ್ಯವಿರುವ ದೌರ್ಬಲ್ಯವನ್ನು ಸಲ್ಲೇಖನೆಯ ಕಡೆಗೆ ಇಟ್ಟ ಹೆಜ್ಜೆಯೆಂದು ಭಾವಿಸುವುದು ತಪ್ಪು. ಸಲ್ಲೇಖನೆಯಲ್ಲಿ ಕಾಯವೂ ಕಷಾಯವೂ ಒಟ್ಟಿಗೆ ಕೃಶವಾಗಬೇಕು; ಘನಾಹಾರದಿಂದ ಹಾಲಿಗೆ, ಹಾಲಿನಿಂದ ನೀರಿಗೆ ಎಂದು ಅರಿವಿನಿಂದ ಕ್ರಮವಾಗಿ ಇಳಿಯಬೇಕು. ಬೆಳಗಾವಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆ ಸ್ವೀಕರಿಸಿದುದು ದೃಷ್ಟಿ ಮಂದವಾಗಿ ಜೀವದಯೆಯ ಪಾಲನೆಗೆ ಅಡ್ಡಿಯಾದಾಗ. ಧರ್ಮಪಾಲನೆಯೇ ಅಸಾಧ್ಯವಾಗುವ ಗೆರೆಯನ್ನು ಕಂಡು ಇಟ್ಟ ಹೆಜ್ಜೆ ಅದು. ಆ ಗೆರೆ ಬರುವ ಮೊದಲೇ ಅಜಾಗರೂಕತೆಯಿಂದ ಹಾಸಿಗೆ ಹಿಡಿದವನಿಗೆ, ಮಂದಿರವಿಲ್ಲ, ಸ್ವಾಧ್ಯಾಯವಿಲ್ಲ, ಶುದ್ಧಾಹಾರದ ನಿಯಮವೂ ಪರರ ಕೈಯಲ್ಲಿ. ಸಮಾಧಿಮರಣಕ್ಕೆ ಬೇಕಾದ ಎಚ್ಚರವೂ ಉಳಿಯದೆ ಹೋಗಬಹುದು. ಕೊನೆಯ ವ್ರತವನ್ನು ಕಾಲಮೇಲೆ ನಿಂತು ಸ್ವೀಕರಿಸಬೇಕೆಂಬ ಆಸೆಯುಳ್ಳವನು ಅಲ್ಲಿಯ ತನಕ ಕಾಲನ್ನು ಉಳಿಸಿಕೊಳ್ಳಬೇಕು.

ಗೃಹಸ್ಥರ ಹೊಣೆ ಮನೆಯ ಹಿರಿಯರಲ್ಲಿಗೆ ಮುಗಿಯುವುದಿಲ್ಲ. ವೃದ್ಧ ಮುನಿಗಳೂ ಆರ್ಯಿಕೆಯರೂ ದಿನಕ್ಕೊಮ್ಮೆ ಚೌಕಕ್ಕೆ ಬರುತ್ತಾರೆ. ಅವರು ಏನನ್ನೂ ಕೇಳುವಂತಿಲ್ಲ. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ವಿಶೇಷವಾಗುತ್ತದೆಂದು ತತ್ತ್ವಾರ್ಥಸೂತ್ರ ಹೇಳಿದರೆ, ತಪಸ್ಸು ಸ್ವಾಧ್ಯಾಯಗಳನ್ನು ವೃದ್ಧಿಗೊಳಿಸುವುದೇ ದ್ರವ್ಯದ ವಿಶೇಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಈ ಮಾತಿನಂತೆ ಹತ್ತು ಬಗೆಯ ಸಿಹಿಭಕ್ಷ್ಯಗಳಿಗಿಂತ ಗಟ್ಟಿಯಾಗಿ ಬೆಂದ ಬೇಳೆ, ಕಾಯಿಸಿದ ಹಾಲು, ಹದವಾದ ರೊಟ್ಟಿ ಶ್ರೇಷ್ಠ ದ್ರವ್ಯ. ಕೇಳಲಾರದ ಪಾತ್ರರಿಗೆ ಕೊಡುವಾಗ ತಿಳಿದುಕೊಳ್ಳುವ ಕರ್ತವ್ಯ ದಾತೃವಿನದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ದೇಹ ಒಂದು ದಿನ ಸೋಲುತ್ತದೆ. ಅನಿತ್ಯಭಾವನೆಯನ್ನು ಸಸಾರಜನಕದ ಯಾವ ಲೆಕ್ಕವೂ ಸುಳ್ಳಾಗಿಸದು. ಬಲವನ್ನೇ ಬಾಳಿನ ಗುರಿಯಾಗಿಸಿಕೊಂಡು ತೂಕದ ಕಲ್ಲು, ಕನ್ನಡಿ, ಡಬ್ಬಿಗಳ ನಡುವೆ ಮುಪ್ಪನ್ನು ಕಳೆಯುವವನಿಗೆ ಹಿರಿಯರ ‘ದೇಹಮೋಹವೇಕೆ’ ಎಂಬ ಪ್ರಶ್ನೆ ಸರಿಯಾಗಿಯೇ ತಾಗುತ್ತದೆ. ಆದರೆ ಬೆಳಗ್ಗೆ ತಾನೇ ಎದ್ದು ಮಿಂದು ಬಸದಿಗೆ ನಡೆದು, ಕೆಳಗೆ ಕುಳಿತು ಜಪಮಾಡಿ, ಯಾರ ಕೈಯನ್ನೂ ಹಿಡಿಯದೆ ಏಳಬೇಕೆಂದು ಬಯಸುವ ಅಜ್ಜಿ ಕೇಳುತ್ತಿರುವುದು ಮೋಹದ ವಸ್ತುವನ್ನಲ್ಲ. ಆಕೆಯ ತಟ್ಟೆಗೆ ತಿಳಿಸಾರಿನ ಬದಲು ಒಂದು ಸೌಟು ಗಟ್ಟಿ ತೊವ್ವೆ ಬಡಿಸುವ ಸೊಸೆಯೂ, ‘ಸಾಕು’ ಎನ್ನದೆ ಅದನ್ನು ಸ್ವೀಕರಿಸುವ ಅತ್ತೆಯೂ ವ್ರತದ ಒಳಗೇ ಇದ್ದಾರ.